ಭಾನುವಾರದ ಗಡ್ಡ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಅತ್ತೆಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾದವಳಲ್ಲ, ಮಗನಿಲ್ಲ, ಸೊಸೆಯ ಮಾತಂತೂ ದೂರವೇ ಉಳಿಯಿತು. ಆದರೂ ಊರಿನ ಎಷ್ಟೋ ಮನೆಗಳಲ್ಲಿ ಟೀವಿ ಹಾಕಿದರೆ ಸೊಸೆಯನ್ನು ಗದರಿಸುತ್ತಿದ್ದವಳು ಅವಳೇ. ಬೇರೆ ಭಾಷೆಯಿಂದ ಬಂದ ಸಿನಿಮಾ, ಧಾರಾವಾಹಿಗಳಿಗೆ ದನಿ ಕೊಡುವುದು ಅವಳ ಕೆಲಸ. ತೆರೆಯ ಮೇಲೆ ಯಾವಳೋ ಬಾಯಿ ತೆರೆಯುತ್ತಾಳೆ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಇವಳು ಆ ಬಾಯೊಳಗೆ ಮಾತು ತುಂಬುತ್ತಾಳೆ. ತುಟಿ ಮುಚ್ಚುವ ಹೊತ್ತಿಗೆ ಮಾತೂ ಮುಗಿದಿರಬೇಕು. ಅವಳದು ಯಾವತ್ತೂ ಕೂದಲೆಳೆಯಷ್ಟು ಆಚೀಚೆ ಆದದ್ದಿಲ್ಲ. ಹೀಗೆ ಬೈದು ಬೈದೇ ಹೊಟ್ಟೆ ಹೊರೆದುಕೊಂಡ ಹೆಂಗಸು.

ಬೈಗುಳ ಮೈಕಿಗಷ್ಟೇ ಸೀಮಿತವಾಗಿದ್ದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಚಹಾ ತಣ್ಣಗಿದ್ದರೆ ಕ್ಯಾಂಟೀನಿನವನ ಜನ್ಮ ಜಾಲಾಡುತ್ತಿದ್ದಳು. ಬಾಗಿಲು ಕಿರುಗುಟ್ಟಿದರೆ ಬಡಗಿಗೆ ಬೈಗುಳ, ಕಿರುಗುಟ್ಟದಿದ್ದರೆ ಕದ್ದು ಒಳಗೆ ಬಂದವನಿಗೆ ಬೈಗುಳ. ಅವಳು ಯಾರಿಗೂ ಬೇಕಿರಲಿಲ್ಲ, ಅವಳ ಕೆಲಸ ಮಾತ್ರ ಎಲ್ಲರಿಗೂ ಬೇಕಿತ್ತು. ಇದು ಅವಳಿಗೂ ಗೊತ್ತಿತ್ತು, ಗೊತ್ತಿದ್ದದ್ದಕ್ಕೂ ಒಂದು ಸಿಟ್ಟು.

ಆ ಸಲ ಅವಳ ಪಾಲಿಗೆ ಬಂದದ್ದು ಒಂದು ಭಕ್ತಿಚಿತ್ರ. ಒಂದೂರಿನಲ್ಲಿ ರೋಗಿಗಳ ಸೇವೆ ಮಾಡುವ ಒಬ್ಬ ಸಾಧ್ವಿ. ಅವಳಿಗೆ ಬಂದ ಒಳ್ಳೆಯ ಹೆಸರನ್ನು ಸಹಿಸದ ನೆರೆಮನೆಯವಳು 'ಇವಳು ಮದ್ದಿನಲ್ಲಿ ವಿಷ ಹಾಕ್ತಾಳೆ' ಎಂದು ಸುಳ್ಳು ಹಬ್ಬಿಸುತ್ತಾಳೆ. ಜನ ಕಲ್ಲು ತೂರಿ ಸಾಧ್ವಿಯನ್ನು ಊರಾಚೆ ಅಟ್ಟುತ್ತಾರೆ. ಆಮೇಲೆ ಸುಳ್ಳು ಹೇಳಿದವಳ ನಿದ್ದೆ ಹೋಗುತ್ತದೆ, ಕಣ್ಣು ಮಂಜಾಗುತ್ತದೆ, ದೇವಮಂದಿರದ ಮೆಟ್ಟಿಲು ತೊಳೆಯುತ್ತ ತೊಳೆಯುತ್ತ ಮುದುಕಿಯಾಗುತ್ತಾಳೆ. ಕೊನೆಗೊಂದು ದಿನ ಸಾಧ್ವಿ ತಿರುಗಿ ಬರುತ್ತಾಳೆ, ಇವಳು ಕಾಲಿಗೆ ಬಿದ್ದು 'ತಪ್ಪಾಯ್ತು ತಾಯಿ' ಅನ್ನುತ್ತಾಳೆ. ಮೇಲಿನಿಂದ ಬೆಳಕು, ಹಿಂದಿನಿಂದ ಸಂಗೀತ, ಕ್ಷಮೆ, ಶುಭಂ.

"ಅಷ್ಟು ಸಲೀಸಾ?" ಎಂದಳು ಅತ್ತೆಮ್ಮ, ಹಾಳೆ ಮಡಚುತ್ತ. "ಜೀವನ ಹಾಳು ಮಾಡಿ ಕಾಲಿಗೆ ಬಿದ್ರೆ ಮುಗೀತಾ? ಇದನ್ನ ಬರೆದೋನಿಗೆ ಅಕ್ಕತಂಗಿ ಯಾರೂ ಇರಲಿಲ್ವೇನೋ."

ಸುಳ್ಳು ಹಬ್ಬಿಸುವ ದೃಶ್ಯಗಳನ್ನೆಲ್ಲ ಅವಳು ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಳು. ನೆರೆಮನೆಯವಳ ಹೊಟ್ಟೆಕಿಚ್ಚು ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ, ಡಬ್ಬಿಂಗ್ ಮಾಡಿಸುತ್ತಿದ್ದ ನಿರ್ದೇಶಕ ಗಾಜಿನಾಚೆ ಕೂತು ಚಪ್ಪಾಳೆ ತಟ್ಟಿದ. ಎಡವಿದ್ದು ಕೊನೆಯ ದೃಶ್ಯದಲ್ಲಿ. 'ತಪ್ಪಾಯ್ತು ತಾಯಿ.' ಇರುವುದು ಎರಡೇ ಮಾತು. ಎಷ್ಟು ಸಲ ಹೇಳಿದರೂ ನಿರ್ದೇಶಕ ತಲೆಯಾಡಿಸಿದ.

"ಅತ್ತೆಮ್ಮ, ಇದು ಪಶ್ಚಾತ್ತಾಪದ ಥರ ಕೇಳ್ತಿಲ್ಲ. ಜಗಳಕ್ಕೆ ಕರೆದ ಹಾಗಿದೆ."

"ನಿಮ್ಮ ಕಿವಿ ಸರಿ ಇಲ್ಲ."

ಸೌಂಡಿನವನು ಗುಂಡಿಗಳ ಮೇಲೆ ಬಗ್ಗಿ ಕಿಸಕ್ಕೆಂದ. "ಅವರು ತಪ್ಪಾಯ್ತು ಅಂತಿಲ್ಲ ಸಾರ್. ತಪ್ಪು ಒಪ್ಕೋತೀಯೋ ಇಲ್ವೋ ಅಂತ ಸಾಧ್ವೀನೇ ಹೆದರಿಸ್ತಿದ್ದಾರೆ."

ಗಾಜಿನಾಚೆ ಎಲ್ಲರೂ ನಕ್ಕರು. ನಿರ್ದೇಶಕ ನಗು ತಡೆದುಕೊಂಡು, "ನೋಡಿ, ಇಷ್ಟು ಹೊತ್ತು ಗದರಿದ ಬಾಯಿ ಇದು. ಈಗ ಮಗು ಆಗ್ಬೇಕು. ಒಂದು ಎಳೆ ದನಿ, ಒಳ್ಳೆ ದನಿ. ಅಂಥದ್ದು ನಿಮ್ಮ ಹತ್ರ ಇಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ಕರೆಸ್ತೀನಿ" ಎಂದ.

ಅವಳ ಮೈಯೆಲ್ಲ ಉರಿದುಹೋಯಿತು. ನಿಮ್ಮ ಹತ್ರ ಇಲ್ಲ ಅಂದ್ರೆ! ಊರಲ್ಲಿರುವ ಯಾರ ದನಿ ಬೇಕೋ ಕೇಳು, ತೆಗೆದು ಕೊಡುತ್ತೇನೆ ಅನ್ನುವ ಗಂಟಲು ಅದು. ಹಲ್ಲು ಕಡಿದು ಮೈಕಿನ ಹತ್ತಿರ ಹೋದಳು. ತೆರೆಯ ಮೇಲೆ ಮುದುಕಿ ಬಗ್ಗಿದಳು, ತುಟಿ ಅದುರಿತು. ಅತ್ತೆಮ್ಮನ ಬಾಯಿಂದ ಬೇರೆಯೇ ದನಿ ಬಂತು. ಸ್ವಲ್ಪ ಮೂಗಿನಿಂದ ಬರುವ, ಮಾತಿನ ಕೊನೆಗೆ ಮೇಲಕ್ಕೇರುವ, ಅತ್ತರೂ ಮುದ್ದು ಮಾಡಬೇಕೆನಿಸುವ ದನಿ. "ತಪ್ಪಾಯ್ತು ತಾಯಿ."

ಗಾಜಿನಾಚೆ ಕಿಸಕ್ಕೆಂದಿದ್ದ ಸೌಂಡಿನವನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ನಿರ್ದೇಶಕ ಆ ತುಣುಕನ್ನು ಮತ್ತೆ ಹಾಕಿಸಿದ. ಅತ್ತೆಮ್ಮ ಹೆಡ್‌ಫೋನಿನಲ್ಲಿ ಕೇಳಿದಳು. ಅದು ತನ್ನ ತಂಗಿಯ ದನಿ, ತಂಗಿಯೇ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಿದ್ದಾಳೆ. ಸುಳ್ಳೇಕೆ ಹೇಳಬೇಕು, ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ಬಿದ್ದಳಾ ಕೊನೆಗೂ, ಬೀಳಲಿ ಅಂದುಕೊಂಡಳು. ಮರುಕ್ಷಣ ನೆನಪು ಬಂತು. ಆ ದನಿಯನ್ನು ಅವಳು ಈ ಮೊದಲು ಒಂದೇ ಸಲ ತೆಗೆದಿದ್ದಳು.

ಅಪ್ಪ ಬದುಕಿದ್ದ ಕಾಲದ ಮಾತು. ತಂಗಿ ಬಸ್ಸಿನ ಮೆಕ್ಯಾನಿಕ್ ಒಬ್ಬನನ್ನು ಕಟ್ಟಿಕೊಂಡು ಮನೆ ಬಿಟ್ಟಿದ್ದಳು. ಅಪ್ಪ ಕೂಗಾಡಿ, ಊಟ ಬಿಟ್ಟು, ಆಮೇಲೆ ಮೆತ್ತಗಾಗಿದ್ದರು. ಭಾನುವಾರ ಮಧ್ಯಾಹ್ನ ಅವಳು ಫೋನ್ ಮಾಡುತ್ತಿದ್ದಳು. ಇವರು ಹೂಂ ಅನ್ನುತ್ತಿದ್ದರು, ಊಟ ಆಯ್ತಾ ಅನ್ನುತ್ತಿದ್ದರು, ಇಡ್ತೀನಿ ಅನ್ನುತ್ತಿದ್ದರು. ಮಾತು ಅಷ್ಟೇ. ಆದರೆ ಅಷ್ಟು ಮಾತಿಗೆ ಬೆಳಿಗ್ಗೆಯಿಂದ ಸಡಗರ. ಕಾಲಿನ ಶಕ್ತಿ ಹೋಗಿ ಕುರ್ಚಿಗೆ ಅಂಟಿಕೊಂಡಿದ್ದ ಮುದುಕ, ಭಾನುವಾರ ಬಂತೆಂದರೆ ಗಡ್ಡ ಬೋಳಿಸು ಎಂದು ದೊಡ್ಡ ಮಗಳ ಪ್ರಾಣ ತಿನ್ನುತ್ತಿದ್ದರು. ತೊಳೆದ ಅಂಗಿಯೇ ಬೇಕು, ತಲೆಗೆ ಎಣ್ಣೆ ಹಚ್ಚಬೇಕು, ಆಮೇಲೆ ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆಯಬೇಕು.

"ಫೋನಿಗೆ ಗಡ್ಡ ಕಾಣುತ್ತಾ ಅಪ್ಪ?" ಎಂದು ಅವಳು ಸಿಡುಕುತ್ತಿದ್ದಳು.

"ನೀನು ಬೋಳಿಸು. ಕಾಣೋದು ಬಿಡೋದು ನಂಗೆ ಬಿಡು."

ಉಳಿದ ದಿನ ಅವರನ್ನು ಎತ್ತಿ ಕೂರಿಸುವವಳು ಇವಳು, ಸ್ನಾನ ಮಾಡಿಸುವವಳು ಇವಳು, ಒದ್ದೆಯಾದ ಹಾಸಿಗೆ ಬದಲಾಯಿಸುವವಳೂ ಇವಳೇ. ಇವಳಿಗಾಗಿ ಅವರು ಒಂದು ದಿನವೂ ಮುಖ ತೊಳೆದುಕೊಂಡವರಲ್ಲ. ಇವಳು ಅಪ್ಪನಿಗೆ 'ನೀವು' ಅನ್ನುತ್ತಿದ್ದಳು. ತಂಗಿ ಚಿಕ್ಕಂದಿನಿಂದಲೂ 'ನೀನು' ಅನ್ನುತ್ತಿದ್ದಳು, ಅಪ್ಪ ಅದನ್ನು ಕೇಳಿ ನಗುತ್ತಿದ್ದರು. ಇಷ್ಟರ ಮೇಲೆ ಹೊಟ್ಟೆ ಉರಿಯಬಾರದು ಎಂದರೆ ಹೊಟ್ಟೆಯೇ ಇರಬಾರದು.

ಒಂದು ಭಾನುವಾರ ಸ್ಟುಡಿಯೋದಲ್ಲಿ ಅವಸರದ ಕೆಲಸವಿತ್ತು. ಹೊರಡುವ ಗಡಿಬಿಡಿಯಲ್ಲಿ ಬ್ಲೇಡು ಜಾರಿ ಅಪ್ಪನ ಗಲ್ಲ ಕುಯ್ದಿತು. "ಚಿಕ್ಕವಳಾಗಿದ್ರೆ ಹಿಂಗೆ ಕುಯ್ತಿರ್ಲಿಲ್ಲ" ಎಂದರು ಅಪ್ಪ, ರಕ್ತ ಒರೆಸಿಕೊಳ್ಳುತ್ತ. ಅವಳು ಸ್ಟುಡಿಯೋಗೆ ಹೋದಳು, ಯಾವುದೋ ಅತ್ತೆಗೆ ದನಿ ಕೊಟ್ಟಳು, ಬಿಡುವು ಸಿಕ್ಕಾಗ ಆಫೀಸಿನ ಬಾಗಿಲು ಹಾಕಿಕೊಂಡು ಮನೆಗೆ ಫೋನ್ ಮಾಡಿದಳು. ಮೂಗಿನ ದನಿ, ಕೊನೆಗೆ ಮೇಲಕ್ಕೇರುವ ದನಿ. "ಅಪ್ಪಾ, ಇನ್ನು ನಾನು ಫೋನ್ ಮಾಡಲ್ಲ. ನಿನ್ನ ದನಿ ಕೇಳಿದ್ರೇನೇ ನಂಗೆ ಹೇಸಿಗೆ ಆಗುತ್ತೆ." ಹುಟ್ಟಿದ ಮೇಲೆ ಅಪ್ಪನನ್ನು ಅವಳು 'ನೀನು' ಎಂದದ್ದು ಅದೇ ಮೊದಲು, ಅದೂ ಬೇರೊಬ್ಬಳ ಬಾಯಿಂದ.

ಸಂಜೆ ಮನೆಗೆ ಬಂದಾಗ ಫೋನಿನ ವೈರು ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಅವಳು ಅದನ್ನು ಮತ್ತೆ ಸಿಕ್ಕಿಸಲಿಲ್ಲ. ಫೋನ್ ಸಿಗದೆ ಗಾಬರಿಯಾಗಿ ತಂಗಿ ಮುಂದಿನ ವಾರ ತಾನೇ ಬಂದಳು. ಅಪ್ಪ ಗೋಡೆಯ ಕಡೆ ತಿರುಗಿಕೊಂಡು, "ಹೇಸಿಗೆ ಅಂದ್ಯಲ್ಲ, ಮತ್ಯಾಕೆ ಬಂದೆ? ಹೊರಗೆ ಹೋಗು" ಎಂದರು. ತಂಗಿಗೆ ತಲೆಬುಡ ಅರ್ಥವಾಗಲಿಲ್ಲ. ಅಡುಗೆಮನೆಗೆ ಬಂದು ಅಕ್ಕನನ್ನು ಕೇಳಿದಳು. ಪಾತ್ರೆ ತಿಕ್ಕುತ್ತಿದ್ದ ಅಕ್ಕ ಬೆನ್ನು ತಿರುಗಿಸದೆ, "ವಯಸ್ಸಾಯ್ತಲ್ಲ, ತಲೆ ನೆಟ್ಟಗಿಲ್ಲ. ನಿನ್ನ ಮೇಲೆ ಸಿಟ್ಟು ಇಳಿದಿಲ್ಲ, ಬರದೇ ಇರೋದೇ ಒಳ್ಳೇದು" ಎಂದಳು. ಮೊದಲನೆಯದು ಸಿಟ್ಟಿನ ಸುಳ್ಳು, ಇರಲಿ ಅನ್ನಬಹುದೇನೋ. ಈ ಎರಡನೆಯದನ್ನು ಅವಳು ತಣ್ಣಗೆ, ಪಾತ್ರೆ ತಿಕ್ಕುತ್ತ ಹೇಳಿದಳು.

ಅಪ್ಪ ಆಮೇಲೆ ಗಡ್ಡ ಬೋಳಿಸಿಕೊಳ್ಳಲಿಲ್ಲ. ಬ್ಲೇಡು ಹಿಡಿದು ಹೋದರೆ ಮುಖ ತಿರುಗಿಸುತ್ತಿದ್ದರು. ಅವರು ಸತ್ತ ದಿನ ತಂಗಿ ಓಡಿಬಂದು ಆ ಬಿಳಿ ಗಡ್ಡ ನೋಡಿ, ಬಂದವರೆಲ್ಲರ ಎದುರು ಕಿರುಚಿದಳು. "ಗಡ್ಡ ಕೂಡ ಬೋಳಿಸದೆ ಸಾಯಿಸಿದ್ಯಲ್ಲೇ! ಇಷ್ಟೇನಾ ನೀನು ನೋಡ್ಕೊಂಡಿದ್ದು?" ಅವತ್ತಿನಿಂದ ಅಕ್ಕತಂಗಿ ಮಾತಾಡಿಲ್ಲ. ಅತ್ತೆಮ್ಮನಿಗೆ ಆ ಕಿರುಚಾಟ ಒಂದು ವರವಾಗಿ ಸಿಕ್ಕಿತು. ತನ್ನ ತಪ್ಪು ನೆನಪಾದಾಗಲೆಲ್ಲ ಅದನ್ನು ತೆಗೆದು ಮುಂದಿಟ್ಟುಕೊಳ್ಳುತ್ತಿದ್ದಳು. ಊರೆದುರು ನನ್ನ ಮಾನ ಕಳೆದಳು, ನಾನೇಕೆ ಸೋಲಬೇಕು? ಹೀಗೆ ವರ್ಷಗಳನ್ನು ತಳ್ಳಿದ್ದಳು.

ಈಗ ಹೆಡ್‌ಫೋನಿನಲ್ಲಿ ತಂಗಿ ಅಳುತ್ತಿದ್ದಳು.

"ಅಳಿಸಿ ಅದನ್ನ," ಎಂದಳು ಅತ್ತೆಮ್ಮ.

ನಿರ್ದೇಶಕ ನಕ್ಕ. "ತಮಾಷೆ ಮಾಡ್ಬೇಡಿ. ಇಡೀ ಸಿನಿಮಾದಲ್ಲಿ ನಿಜ ಅಂತ ಇರೋದು ಅದೊಂದೇ."

"ಅದು ನನ್ನ ದನಿ ಅಲ್ಲ."

"ನಿಮ್ಮದು ಯಾವುದಾದ್ರೆ ನಂಗೇನಮ್ಮ? ತುಟಿಗೆ ಕೂತಿದೆ, ಎದೆಗೆ ನಾಟಿದೆ."

ಅವಳು ಬಾಗಿಲು ತಳ್ಳಿಕೊಂಡು ಯಂತ್ರದ ಕೋಣೆಗೇ ನುಗ್ಗಿದಳು. ಬಾಯಿಗೆ ಬಂದಂತೆ ಬೈದಳು. ನಿರ್ದೇಶಕನೂ ಬಿಡಲಿಲ್ಲ. ನಿಮ್ಮ ಬಾಯಿ ಸಹಿಸಿಕೊಂಡು ಸಾಕಾಗಿದೆ, ಇಷ್ಟು ವರ್ಷ ಈ ಸ್ಟುಡಿಯೋದಲ್ಲಿ ನಿಮ್ಮ ಬಗ್ಗೆ ಯಾರಾದ್ರೂ ಒಳ್ಳೇ ಮಾತಾಡಿದ್ದು ಕೇಳಿಲ್ಲ ಎಂದುಬಿಟ್ಟ. ಕೊನೆಗೆ ಕೈ ಝಾಡಿಸಿ, "ನಾಳೆ ಬೆಳಿಗ್ಗೆವರೆಗೂ ಟೈಮಿದೆ. ಆಮೇಲೆ ಇದು ನನ್ನ ಕೈ ಬಿಡುತ್ತೆ. ಬೇರೆ ಹೇಳೋದಿದ್ರೆ ಬಂದು ಹೇಳಿ, ಇಲ್ಲಾಂದ್ರೆ ಇದೇ ಹೋಗುತ್ತೆ" ಎಂದ.

ಮೆಟ್ಟಿಲಿಳಿಯುವಾಗ ಅವಳಿಗೆ ಮೊದಲು ಹತ್ತಿದ್ದು ಭಯ, ಪಶ್ಚಾತ್ತಾಪವಲ್ಲ. ಈ ಸಿನಿಮಾ ಟೀವಿಗೆ ಬರುತ್ತದೆ. ತಂಗಿ ನೋಡುತ್ತಾಳೆ, ತನ್ನ ದನಿ ತನಗೇ ಕೇಳಿಸುತ್ತದೆ. ದನಿ ಕೊಟ್ಟವಳು ಯಾರೆಂದು ತಿಳಿಯದಿರಲು ಅವಳೇನು ದಡ್ಡಿಯಲ್ಲ, 'ಹೇಸಿಗೆ ಅಂದ್ಯಲ್ಲ' ಎಂಬ ಅಪ್ಪನ ಮಾತಿಗೆ ಅವತ್ತು ಅರ್ಥ ಸಿಗುತ್ತದೆ. ಸಿಕ್ಕಿಬೀಳುವ ಮೊದಲು ಹೇಳಿಬಿಡುವುದು ಮೇಲು ಎಂದು ಲೆಕ್ಕ ಹಾಕಿದಳು. ಆದರೆ ಬಸ್ ನಿಲ್ದಾಣದಲ್ಲಿ ನಿಂತಾಗ ಆ ಲೆಕ್ಕವೂ ಕೈಕೊಟ್ಟಿತು. ಫೋನಿನಲ್ಲಿ ಸುಳ್ಳು ಹೇಳುವುದಕ್ಕೆ ತಂಗಿಯ ದನಿ ಕದ್ದಿದ್ದಾಯಿತು. ತಪ್ಪಾಯ್ತು ಅನ್ನುವುದಕ್ಕೂ ಅವಳದೇ ಬಾಯಿ ಬೇಕಾಯಿತೇ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಪದವೂ ಸರಿಯಾಗಿ ಅವತ್ತಿನದೇ.

ತಂಗಿ ಗಂಡನ ಜೊತೆ ಸೇರಿ ಒಂದು ಲಾಂಡ್ರಿ ಇಟ್ಟಿದ್ದಳು. ಉದ್ದನೆಯ ಕಿರಿದಾದ ಅಂಗಡಿ, ಮುಂದೆ ಕೌಂಟರು, ಹಿಂದೆ ಬಿಸಿ ಆವಿಯ ಇಸ್ತ್ರಿ ಯಂತ್ರ, ತಲೆಯ ಮೇಲೆ ಸಾಲಾಗಿ ತೂಗುವ ಯಾರ್ಯಾರದೋ ಅಂಗಿಗಳು. ಗಂಡ ಬಟ್ಟೆ ತಲುಪಿಸಲು ಹೋಗಿದ್ದ. ತಂಗಿ ಒಂದು ಬಿಳಿ ಅಂಗಿಯನ್ನು ಹರಡಿಕೊಂಡು ನಿಂತಿದ್ದಳು. ಕೂದಲು ನರೆತಿತ್ತು, ಕೈ ದಪ್ಪಗಾಗಿತ್ತು. ಅಕ್ಕನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಟ್ಟೆ ಇದ್ರೆ ಕೌಂಟರ್ ಮೇಲಿಡು. ಮಾತಿದ್ರೆ ಬೇರೆ ಅಂಗಡಿ ನೋಡ್ಕೋ."

"ಹೇಳೋದಿದೆ. ಮೊದಲನೇದಾಗಿ, ನೀನು ಮನೆ ಬಿಟ್ಟು ಹೋಗಿದ್ದು ತಪ್ಪು."

ಕ್ಷಮೆ ಕೇಳಲು ಬಂದವಳು ಹೀಗೆ ಶುರು ಮಾಡುತ್ತಾಳೆಯೇ? ಅತ್ತೆಮ್ಮ ಶುರು ಮಾಡಿದಳು. ತಂಗಿ ಆವಿಯ ಹಿಡಿಯನ್ನು ಒತ್ತಿದಳು. ಯಂತ್ರ ಬುಸ್ಸೆಂದಿತು.

"ಹೊರಗೆ ನಡಿ."

"ಆ ಫೋನ್ ಮಾಡಿದ್ದು ನಾನು!" ಅವಳು ಕೂಗಿಯೇ ಹೇಳಿದಳು. "ಅಪ್ಪ ಅವತ್ತು ನಿಂಗೆ 'ಹೇಸಿಗೆ ಅಂದ್ಯಲ್ಲ' ಅಂದ್ರಲ್ಲ, ಹೇಸಿಗೆ ಅಂದಿದ್ದು ನಾನು. ಸ್ಟುಡಿಯೋದಿಂದ ಫೋನ್ ಮಾಡಿ, ನಿನ್ನ ದನೀಲಿ ಅಂದೆ."

ತಂಗಿ ಅರ್ಥವಾಗದವಳಂತೆ ನೋಡಿದಳು. "ಸುಳ್ಳು. ಅಪ್ಪಂಗೆ ನನ್ನ ದನಿ ಗೊತ್ತಾಗಲ್ವಾ?"

"ಗೊತ್ತಾಗ್ಲಿಲ್ಲ."

"ಹಂಗಾದ್ರೆ ಹೇಳು. ಹೆಂಗಂದೆ, ಹಂಗೇ ಹೇಳು."

"ಬೇಡ."

"ಹೇಳೇ!"

ಅವಳು ಹೇಳಿದಳು. ಮೂಗಿನ ದನಿ, ಕೊನೆಗೆ ಮೇಲಕ್ಕೇರುವ ದನಿ. ತೂಗುವ ಅಂಗಿಗಳ ಕೆಳಗೆ, ತಂಗಿಯ ಎದುರಿಗೇ ತಂಗಿಯ ದನಿ ಅಪ್ಪನನ್ನು ಹೇಸಿಗೆ ಎಂದಿತು. ತಂಗಿಯ ಕೈ ಯಂತ್ರದ ಮೇಲೆ ಹಾಗೇ ಉಳಿಯಿತು. ಸುಟ್ಟ ಬಟ್ಟೆಯ ವಾಸನೆ ಎದ್ದಮೇಲೆಯೇ ಅವಳು ಮುಚ್ಚಳ ಎತ್ತಿದ್ದು. ಯಾರದೋ ಬಿಳಿ ಅಂಗಿಯ ಬೆನ್ನು ಕಂದಿಹೋಗಿತ್ತು. ಅದನ್ನು ಕಿತ್ತು ಅಕ್ಕನ ಮುಖಕ್ಕೆ ಎಸೆದಳು. ಆಮೇಲೆ ಕೈಗೆ ಸಿಕ್ಕ ಹ್ಯಾಂಗರ್ ಎಸೆದಳು, ಇನ್ನೊಂದು ಎಸೆದಳು. ಅತ್ತೆಮ್ಮ ತಪ್ಪಿಸಿಕೊಳ್ಳಲಿಲ್ಲ.

"ನನ್ನ ಮೇಲೆ ಸಿಟ್ಟಿತ್ತಾ, ನನಗೆ ಮಾಡು! ಆ ಮುದುಕ ಏನು ಮಾಡಿದ್ದ ನಿಂಗೆ? ಅಪ್ಪ ನನ್ನ ದ್ವೇಷ ಮಾಡ್ಕೊಂಡೇ ಸತ್ತ ಅಂತ ಇಷ್ಟು ವರ್ಷ ತಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ ನಂಗೆ. ಅನ್ನ ಬಿಡು, ನಿದ್ದೆ ಬಂದಿಲ್ಲ. ಇದು ಸಾಲದು ಅಂತ ಗಡ್ಡ ಕೂಡ ಬೋಳಿಸದೆ, ಭಿಕ್ಷುಕನ ಥರ ಮಾಡಿ ಕಳಿಸಿದೆ!"

ಮತ್ತೆ ಗಡ್ಡ. ಅತ್ತೆಮ್ಮನ ಹಳೆಯ ಸಿಟ್ಟು ಸರ್ರನೆ ಏರಿತು. "ಅವರೇ ಬೇಡ ಅಂದ್ರು ಕಣೇ! ನಾನು ಬ್ಲೇಡು ತಗೊಂಡು ಹೋದ್ರೆ ಮುಖ ತಿರುಗಿಸೋರು. ಅವರು ಗಡ್ಡ ಬೋಳಿಸ್ಕೋತಿದ್ದಿದ್ದೇ ನಿನ್ನ ಫೋನಿಗೆ. ಭಾನುವಾರ ಬೆಳಿಗ್ಗೆ ಎದ್ದೋರೇ ಗಡ್ಡ, ಒಗೆದ ಅಂಗಿ, ತಲೆಗೆ ಎಣ್ಣೆ. ಮದುಮಗನ ಥರ ತಯಾರಾಗಿ ಫೋನಿನ ಪಕ್ಕ ಕೂತ್ಕೊಳ್ಳೋರು. ಫೋನೇ ನಿಂತುಹೋದ್ಮೇಲೆ ಯಾರಿಗೇಂತ ಬೋಳಿಸ್ಕೋಬೇಕು?"

ಜಗಳಕ್ಕೆಂದು ಎತ್ತಿದ ಮಾತು. ಆಡಿ ಮುಗಿಸಿದ ಮೇಲೆ, ತಾನು ಇಷ್ಟು ವರ್ಷ ಬಚ್ಚಿಟ್ಟದ್ದು ಒಂದು ಫೋನನ್ನು ಮಾತ್ರವಲ್ಲ ಎಂದು ಅವಳಿಗೆ ಗೊತ್ತಾಯಿತು. ಇದನ್ನು ತಂಗಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಇವಳೊಬ್ಬಳೇ, ಹೊಟ್ಟೆಕಿಚ್ಚಿಗೆ ಹೇಳಿರಲಿಲ್ಲ. ಅಪ್ಪನ ಹೂಂ, ಊಟ ಆಯ್ತಾ, ಇಡ್ತೀನಿ, ಇಷ್ಟನ್ನೇ ಕೇಳಿ ತಂಗಿ ಬದುಕಿದ್ದಳು.

"ಏನಂದೆ?" ಎಂದಳು ತಂಗಿ.

"ಪ್ರತಿ ಭಾನುವಾರ. ಫೋನಿಗೆ ಗಡ್ಡ ಕಾಣುತ್ತಾ ಅಂತ ನಾನು ಬೈತಿದ್ದೆ."

ತಂಗಿ ಬೆನ್ನು ತಿರುಗಿಸಿದಳು. ತುಂಬಾ ಹೊತ್ತು ಯಂತ್ರಕ್ಕೆ ಅಂಟಿದ ಸುಟ್ಟ ನೂಲನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅತ್ತೆಮ್ಮ ಸಿನಿಮಾದ ವಿಷಯವನ್ನೂ ಹೇಳಿದಳು, ನಿನ್ನ ದನೀಲಿ ತಪ್ಪಾಯ್ತು ಅಂದುಬಿಟ್ಟೆ, ಅಳಿಸ್ತೀನಿ ಎಂದಳು. ಆ ಬೆನ್ನಿಗೆ ಕೈಮುಗಿದು, ತನ್ನದೇ ಒರಟು ಗಂಟಲಲ್ಲಿ, ತಪ್ಪಾಯ್ತು ಎಂದಳು. ಮೇಲಿನಿಂದ ಯಾವ ಬೆಳಕೂ ಬೀಳಲಿಲ್ಲ. ಟ್ಯೂಬ್‌ಲೈಟು ಇತ್ತು, ಅದೂ ಮಿಣಮಿಣ ಅನ್ನುತ್ತಿತ್ತು.

"ಹೋಗು" ಎಂದಳು ತಂಗಿ, ತಿರುಗದೆ. "ನಿನ್ನ ಮುಖ ನೋಡೋಕಾಗಲ್ಲ. ಹೋಗು."

ಮರುದಿನ ಬೆಳಿಗ್ಗೆ ನಿರ್ದೇಶಕ ಬರುವ ಮೊದಲೇ ಅವಳು ಮೈಕಿನ ಮುಂದಿದ್ದಳು. ಮುದುಕಿ ಬಗ್ಗಿದಳು, ತುಟಿ ಅದುರಿತು. ಅತ್ತೆಮ್ಮ ತನ್ನ ಗಂಟಲಲ್ಲೇ ಹೇಳಿದಳು. ನಿರ್ದೇಶಕ ಮುಖ ಹಿಂಡಿದ.

"ಜಲ್ಲಿ ಸುರಿದ ಹಾಗಿದೆ ಅತ್ತೆಮ್ಮ. ನಿನ್ನೇದೇ ಚೆನ್ನಾಗಿತ್ತು."

"ಮೆಟ್ಟಿಲು ತೊಳೆದು ತೊಳೆದು ಮುದುಕಿ ಆದೋಳ ದನಿ ಬೆಣ್ಣೆ ಥರ ಇರುತ್ತೇನ್ರೀ? ನನ್ನ ಹತ್ರ ಇರೋದು ಇದೊಂದೇ. ಬೇಕಾದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಬೇರೆಯವರನ್ನ ಕರೆಸಿ. ನಿನ್ನೇದು ಮಾತ್ರ ನನ್ನ ಕಣ್ಣೆದುರಿಗೇ ಅಳಿಸಿ."

ನಿರ್ದೇಶಕ ಕೂಗಾಡಿದ, ಅವಳೂ ಕೂಗಾಡಿದಳು. ಸೌಂಡಿನವನು ಇಬ್ಬರನ್ನೂ ಕ್ಯಾರೇ ಅನ್ನದೆ ಎರಡು ತುಣುಕನ್ನೂ ಇನ್ನೊಂದು ಸಲ ಕೇಳಿದ. "ಸಾರ್, ನಿನ್ನೆ ನಂಗೆ ಅಳು ಬಂತು. ಇವತ್ತು ಹೆದರಿಕೆ ಆಯ್ತು. ಇದೇ ಇರ್ಲಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಹಳೆಯದನ್ನು ಅಳಿಸಿದ. ಅವನಿಗೆ ಅವಳು ಥ್ಯಾಂಕ್ಸ್ ಹೇಳಲಿಲ್ಲ. ಅದನ್ನು ಅವಳಿಂದ ಅವನು ನಿರೀಕ್ಷಿಸಿಯೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಮೊಬೈಲು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಆ ಕಡೆ ಯಂತ್ರದ ಬುಸ್ಸೆನ್ನುವ ಸದ್ದು.

"ಗಡ್ಡದ್ದು ಹೇಳು" ಎಂದಳು ತಂಗಿ. 'ಚೆನ್ನಾಗಿದ್ದೀಯಾ' ಇಲ್ಲ, 'ಅಕ್ಕ' ಇಲ್ಲ.

"ಹೇಳಿದ್ನಲ್ಲ."

"ಇನ್ನೊಂದ್ಸಲ ಹೇಳು. ಅಪ್ಪನ ದನಿ ತೆಗೆದೆ ಅಂದ್ರೆ ಕೊಂದುಬಿಡ್ತೀನಿ. ನಿನ್ನ ದನೀಲೇ ಹೇಳು."

ಅವಳು ಹೇಳಿದಳು. ಬಿಸಿನೀರಿನ ಚೊಂಬು, ಸೋಪಿನ ನೊರೆ, ಎಡಗೆನ್ನೆ ಬೋಳಿಸುವಾಗ ಅಪ್ಪ ನಾಲಿಗೆಯನ್ನು ಒಳಗಿಂದ ಒತ್ತಿ ಹಿಡಿಯುತ್ತಿದ್ದದ್ದು, ಗಲ್ಲ ಕುಯ್ದದ್ದು, ಅವರು ಅಂದ ಮಾತು. ಯಾವುದನ್ನೂ ಬಿಡಲಿಲ್ಲ. ಆ ಕಡೆ ಯಂತ್ರ ನಿಂತಿತ್ತು. ತಂಗಿ ಅಳುತ್ತಿದ್ದಾಳೆಂದು ಗೊತ್ತಾದರೂ ಇವಳು ಸಮಾಧಾನ ಹೇಳಲು ಹೋಗಲಿಲ್ಲ. ಆ ಹಕ್ಕು ತನಗಿಲ್ಲ ಎಂಬಷ್ಟು ಬುದ್ಧಿ ಬಂದಿತ್ತು.

"ನಿನ್ನ ಕ್ಷಮಿಸ್ತೀನಿ ಅಂತ ಅಂದ್ಕೋಬೇಡ" ಎಂದು ತಂಗಿ ಫೋನಿಟ್ಟಳು.

ಮುಂದಿನ ಭಾನುವಾರ ಫೋನ್ ಬರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಆದರೂ ಬೆಳಿಗ್ಗೆಯೇ ಅತ್ತೆಮ್ಮ ತಲೆಗೆ ಸ್ನಾನ ಮಾಡಿದಳು, ಒಗೆದ ಸೀರೆ ಉಟ್ಟಳು, ಅಪ್ಪನ ಕುರ್ಚಿಯನ್ನು ಎಳೆದು ಕೂತು ಕನ್ನಡಿ ಹಿಡಿದು ಕೂದಲು ಬಾಚತೊಡಗಿದಳು. ಅರ್ಧ ಬಾಚಿದ ಮೇಲೆ ತಾನು ಮಾಡುತ್ತಿರುವುದೇನೆಂದು ಹೊಳೆದು ಕೈ ನಿಂತಿತು. "ಫೋನಿಗೆ ಕೂದಲು ಕಾಣುತ್ತೇನೇ, ಮುದುಕಿ?" ಎಂದು ಕನ್ನಡಿಗೆ ಗದರಿದಳು. ಆಮೇಲೆ ಉಳಿದರ್ಧವನ್ನೂ ಬಾಚಿಕೊಂಡಳು.